ಲಗ್ನಪತ್ರಿಕೆಯ ಅಕ್ಷರ: ಅಲಂಕಾರವೂ ಔಚಿತ್ಯವೂ

ಕಾವ್ಯವಿಮರ್ಶೆ ನಮ್ಮಲ್ಲಿ ಸಾಕಷ್ಟು ಬೆಳೆದಿದೆ. ಚಿತ್ರ, ಸಂಗೀತ, ನಾಟಕಗಳ ಗುಣದೋಷ ವಿಚಾರವೂ ತಕ್ಕಮಟ್ಟಿಗೆ ನಡೆದಿದೆ. ಆದರೆ ಕಾವ್ಯವನ್ನೂ ಅದರ ವಿಮರ್ಶೆಯನ್ನೂ ಹೊತ್ತು ನಮ್ಮ ಕಣ್ಣಿನ ಮುಂದೆ ನಿಲ್ಲುವ ಅಕ್ಷರದ ಆಕಾರವನ್ನು ಕುರಿತು ನಾವು ಮಾತನಾಡುವುದು ಅಪರೂಪ. ಇದಕ್ಕೆ ಕಾರಣವೂ ಇಲ್ಲದಿಲ್ಲ. ಒಳ್ಳೆಯ ಅಚ್ಚಕ್ಷರದ ಲಕ್ಷಣವೇ ತಾನು ಕಾಣದೆ ಅರ್ಥವನ್ನು ಕಾಣಿಸುವುದು. ಬೆಳಗಿನ ಪತ್ರಿಕೆಯನ್ನು ಓದುವವನು ಸುದ್ದಿಯನ್ನು ನೋಡುತ್ತಾನೆಯೇ ಹೊರತು ಅಕ್ಷರವನ್ನು ನೋಡುವುದಿಲ್ಲ. ಅವನ ಕಣ್ಣು ಅಕ್ಷರದ ಮೇಲೆ ನಿಂತಿತೆಂದರೆ ಎಲ್ಲಿಯೋ ಏನೋ ಕೆಟ್ಟಿದೆ ಎಂದೇ ಅರ್ಥ.

ಆದರೂ ಕೆಲವು ಸಂದರ್ಭಗಳಲ್ಲಿ ಅಕ್ಷರ ಕಾಣಲೇಬೇಕು. ಗ್ರಂಥದ ಮುಖಪುಟ, ಹಿರಿಯರಿಗೆ ಒಪ್ಪಿಸುವ ಬಿನ್ನವತ್ತಳೆ, ಪದವೀಪ್ರಮಾಣಪತ್ರ, ಎಲ್ಲಕ್ಕಿಂತ ಹೆಚ್ಚಾಗಿ ಲಗ್ನಪತ್ರಿಕೆ, ಇವು ಸುದ್ದಿಯನ್ನು ತಿಳಿಸಿ ಸುಮ್ಮನಾಗುವ ಬರಹಗಳಲ್ಲ. ಮದುವೆ ಎಂದು, ಎಲ್ಲಿ, ಯಾರಿಗೆ ಎಂಬುದನ್ನು ಒಂದು ದೂರವಾಣಿ ಕರೆಯಲ್ಲಿ ಹೇಳಿಬಿಡಬಹುದು. ಪತ್ರಿಕೆ ಹೇಳುವುದು ಬೇರೆ: ನಿಮ್ಮನ್ನು ಗೌರವದಿಂದ ಕರೆಯುತ್ತಿದ್ದೇವೆ, ಈ ದಿನ ನಮಗೆ ದೊಡ್ಡದು ಎಂದು ಅದು ಹೇಳಬೇಕು. ಈ ಮಾತನ್ನು ಒಕ್ಕಣೆ ಅರ್ಧ ಹೇಳಿದರೆ ಅಕ್ಷರದ ನಿಲುವು ಇನ್ನರ್ಧ ಹೇಳುತ್ತದೆ. ಆದ್ದರಿಂದ ಲಗ್ನಪತ್ರಿಕೆಯ ಅಕ್ಷರವನ್ನು ವಿಮರ್ಶೆಯ ವಿಷಯವಾಗಿ ಎತ್ತಿಕೊಂಡರೆ ಅದು ಅತಿಯಾಯಿತೆಂದು ವಾಚಕರು ಭಾವಿಸಲಾರರು ಎಂದು ನಂಬುತ್ತೇನೆ.

ಕೊಡಗಿನಲ್ಲಿ ಮದುವೆಯ ಕಾಲ ಬಂದಿತೆಂದರೆ ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲುಗಳ ಮನೆಮನೆಯ ಮೇಜಿನ ಮೇಲೆ ಪತ್ರಿಕೆಗಳ ಕಟ್ಟು ಬೆಳೆಯುತ್ತದೆ. ಇವುಗಳಲ್ಲಿ ಹಲವು ಇಂಗ್ಲಿಷಿನಲ್ಲಿಯೇ ಅಚ್ಚಾದವು. ಕೆಲವು ಒಂದು ಮಗ್ಗುಲಲ್ಲಿ ಇಂಗ್ಲಿಷ್, ಇನ್ನೊಂದು ಮಗ್ಗುಲಲ್ಲಿ ಕನ್ನಡ. ಕೊಡವ ತಕ್ಕಿನಲ್ಲಿ, ಕನ್ನಡ ಅಕ್ಷರದಲ್ಲಿ ಬರುವವೂ ಉಂಟು. ಎರಡು ಮಗ್ಗುಲಿನ ಪತ್ರಿಕೆಯನ್ನು ಕೈಗೆತ್ತಿಕೊಂಡು ನೋಡಿ. ಇಂಗ್ಲಿಷಿನ ಮಗ್ಗುಲಲ್ಲಿ ಬಲಕ್ಕೆ ಬಾಗಿದ, ಒಂದಕ್ಕೊಂದು ಕೈಹಿಡಿದು ನಡೆಯುವ ಅಕ್ಷರಗಳು. ಹೆಸರಿನ ಮೊದಲ ದೊಡ್ಡಕ್ಷರ ಬಳ್ಳಿಯಂತೆ ಸುರುಳಿ ಬಿಟ್ಟು, ಮುಂದಿನವು ತಗ್ಗಿ ಹಿಂಬಾಲಿಸುತ್ತವೆ. ಕಣ್ಣಿಗೆ ಅದು ನಿಜವಾಗಿ ಸೊಗಸು. ಮಗ್ಗುಲು ಹೊರಳಿಸಿದರೆ ಕನ್ನಡ. ಅದು ಎರಡರಲ್ಲಿ ಒಂದು ವೇಷದಲ್ಲಿರುತ್ತದೆ. ಕಂದಾಯದ ನೋಟೀಸಿನಲ್ಲಿ ಕಾಣುವ ಅಕ್ಷರವೇ ಚಿನ್ನದ ಬಣ್ಣ ಬಳಿದುಕೊಂಡು ಬಂದಿರುತ್ತದೆ. ಇಲ್ಲವೇ ಇಂಗ್ಲಿಷಿನ ಬಾಗು ಬಳುಕುಗಳನ್ನು ತನ್ನ ಮೈಮೇಲೆ ಹೇರಿಕೊಂಡು ಎಡವುತ್ತ ನಿಂತಿರುತ್ತದೆ. ಮೊದಲನೆಯದು ಬಡತನ, ಎರಡನೆಯದು ಅನುಕರಣ. ಬಡತನವನ್ನು ಮನ್ನಿಸಬಹುದು. ಅನುಕರಣವನ್ನು ಮಾತ್ರ ಪರೀಕ್ಷಿಸಿಯೇ ನೋಡಬೇಕು.

ಪರೀಕ್ಷೆ ನ್ಯಾಯವಾಗಬೇಕಾದರೆ ಮೂಲದ ಸೊಗಸು ಎಲ್ಲಿಂದ ಬಂದಿತೆಂಬುದನ್ನು ಮೊದಲು ತಿಳಿಯಬೇಕು. ಇಂಗ್ಲಿಷ್ ಆಮಂತ್ರಣಗಳ ಈ ಬಾಗು ಬರಹ ಹದಿನೇಳು ಹದಿನೆಂಟನೆಯ ಶತಮಾನಗಳ ಲಂಡನ್ನಿನ ಬರಹದ ಮೇಷ್ಟರುಗಳಿಂದ ಬಂದದ್ದು. ಅದರ ಹೆಸರು ‘ರೌಂಡ್ ಹ್ಯಾಂಡ್’, ಎಂದರೆ ದುಂಡು ಬರಹ. ವಿಸ್ಮಯದ ಸಂಗತಿಯೆಂದರೆ ಅದು ಮೂಲತಃ ಮದುವೆಗಾಗಿಯೂ ಅರಮನೆಗಾಗಿಯೂ ಹುಟ್ಟಿದ್ದಲ್ಲ. ವರ್ತಕರ ಗುಮಾಸ್ತರು ಕಾಗದಪತ್ರಗಳನ್ನು ತಡೆಯಿಲ್ಲದೆ, ಸ್ಪಷ್ಟವಾಗಿ ಬರೆಯುವುದಕ್ಕೆ ಒದಗಿದ ಕೈಬರಹ ಅದು. ಚೂಪಾಗಿ ಸೀಳಿದ ಗರಿಲೇಖನಿಯನ್ನು ಓರೆಯಾಗಿ ಹಿಡಿದು ಕೆಳಕ್ಕೆ ಎಳೆಯುವಾಗ ಒತ್ತಿದರೆ ಸೀಳು ಅಗಲಿ ಗೆರೆ ದಪ್ಪನಾಗುತ್ತದೆ. ಮೇಲಕ್ಕೆ ಎತ್ತುವಾಗ ಒತ್ತಡ ಬಿಟ್ಟರೆ ಕೂದಲೆಳೆಯಷ್ಟು ತೆಳುವಾಗುತ್ತದೆ. ಸುಮಾರು 55 ಡಿಗ್ರಿಯ ಆ ಬಾಗು ಕೈಯ ಓಟದ ಫಲ. ಅಕ್ಷರ ಅಕ್ಷರಗಳನ್ನು ಕೂಡಿಸುವ ತೆಳುಗೆರೆ ಲೇಖನಿಯನ್ನು ಎತ್ತದೆ ಬರೆದುದರ ಗುರುತು. ಎಂದರೆ ಅಲ್ಲಿ ಕಾಣುವ ಒಂದೊಂದು ಸೊಗಸಿಗೂ ಹಿಂದೆ ಒಂದು ಕೆಲಸವಿದೆ.

ಈ ಬರಹದ ಮಾದರಿಗಳನ್ನು ಕುಶಲ ಕೆತ್ತನೆಗಾರರು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ತೆಗೆದು ಪ್ರಚಾರ ಮಾಡಿದರು. ಜಾರ್ಜ್ ಬಿಕ್‌ಹ್ಯಾಮ್ 1733ರಿಂದ 1741ರವರೆಗೆ ಕಂತುಗಳಲ್ಲಿ ಹೊರತಂದ ‘ಯೂನಿವರ್ಸಲ್ ಪೆನ್‌ಮನ್’ ಇವುಗಳಲ್ಲಿ ಹೆಸರಾದುದು. ಇದರಿಂದಲೇ ಆ ಬರಹಕ್ಕೆ ‘ಕಾಪರ್‌ಪ್ಲೇಟ್’, ತಾಮ್ರಪಟ, ಎಂಬ ಹೆಸರೂ ನಿಂತಿತು. ಆ ಮೇಷ್ಟರುಗಳಲ್ಲಿಯೂ ಅಲಂಕಾರವನ್ನು ಕುರಿತು ದೊಡ್ಡ ಜಗಳ ನಡೆಯಿತು. ಚಾರ್ಲ್ಸ್ ಸ್ನೆಲ್ ಎಂಬಾತ ಸುರುಳಿಗಳ ಆಡಂಬರವನ್ನು ಒಪ್ಪದೆ, ಸರಳವಾದ, ನಿಯಮಕ್ಕೆ ಬದ್ಧವಾದ ಬರಹವೇ ಮೇಲೆಂದು ವಾದಿಸಿದನು. ನಮ್ಮ ಆಲಂಕಾರಿಕರ ಗುಣ-ಅಲಂಕಾರ ವಿವಾದವನ್ನು ಬಲ್ಲವರಿಗೆ ಈ ಜಗಳ ಪರಿಚಿತವೆನಿಸೀತು. 1966ರಲ್ಲಿ ಮ್ಯಾಥ್ಯೂ ಕಾರ್ಟರ್ ಎಂಬ ಅಕ್ಷರಶಿಲ್ಪಿ ಆ ಸ್ನೆಲ್ಲನ ಬರಹವನ್ನೇ ಆಧರಿಸಿ ‘ಸ್ನೆಲ್ ರೌಂಡ್‌ಹ್ಯಾಂಡ್’ ಎಂಬ ಅಚ್ಚಕ್ಷರವನ್ನು ರಚಿಸಿದನು. ಸೀಸದ ಮೊಳೆಗಳ ಕಾಲದಲ್ಲಿ ಬಾಗಿದ ಅಕ್ಷರ ತನ್ನ ಚೌಕದಿಂದ ಹೊರಕ್ಕೆ ಚಾಚಬೇಕಾಗಿತ್ತು. ಚಾಚಿದ ತುದಿ ಮುರಿಯುತ್ತಿತ್ತು, ಕೂಡುಗೆರೆಗಳ ನಡುವೆ ಬಿರುಕು ಕಾಣುತ್ತಿತ್ತು. ಬೆಳಕಿನಿಂದ ಅಕ್ಷರ ಜೋಡಿಸುವ ಯಂತ್ರಗಳು ಬಂದ ಮೇಲೆ ಈ ತೊಡಕು ತೀರಿತು. ಇಂದು ನಮ್ಮ ಪತ್ರಿಕೆಗಳ ಇಂಗ್ಲಿಷ್ ಮಗ್ಗುಲನ್ನು ಬೆಳಗುತ್ತಿರುವ ಅಕ್ಷರಗಳು ಈ ಮನೆತನದವು. ಮುನ್ನೂರು ವರ್ಷಗಳ ಕೈಯ ಅಭ್ಯಾಸ, ಕೆತ್ತನೆಯ ಜಾಣ್ಮೆ, ಯಂತ್ರದ ತಿದ್ದುಪಾಟು ಮೂರೂ ಅವುಗಳ ಬೆನ್ನಿಗಿವೆ.

ಈಗ ಕನ್ನಡದ ಅನುಕರಣಕ್ಕೆ ಬರೋಣ. ಪತ್ರಿಕೆಯ ಅಂಗಡಿಗಳ ಮಾದರಿ ಪುಸ್ತಕಗಳಲ್ಲಿ ಕಾಣುವ ‘ಫ್ಯಾನ್ಸಿ’ ಕನ್ನಡ ಅಕ್ಷರಗಳಲ್ಲಿ ಬಹುಪಾಲಿನ ರಚನೆ ಹೀಗಿದೆ: ಇದ್ದ ಅಕ್ಷರವನ್ನು ಬಲಕ್ಕೆ ಬಾಗಿಸುವುದು, ಅಡ್ಡವಾಗಿ ಹಿಂಡಿ ಕಿರಿದು ಮಾಡುವುದು, ತಲೆಕಟ್ಟಿನ ತುದಿಯನ್ನು ಎಳೆದು ಬಳ್ಳಿ ಮಾಡುವುದು. ಈ ಮೂರರಿಂದಲೂ ಏನಾಗುತ್ತದೆಂಬುದನ್ನು ಒಂದೊಂದಾಗಿ ನೋಡಬೇಕು.

ಮೊದಲು ಬಾಗು. ಇಂಗ್ಲಿಷಿನ ಅಕ್ಷರಗಳಲ್ಲಿ ನೇರವಾದ ಕಂಬಗೆರೆಗಳು ಹೆಚ್ಚು. ಅವುಗಳನ್ನು ಒಂದೇ ಕೋನದಲ್ಲಿ ವಾಲಿಸಿದರೆ ಗಾಳಿಗೆ ಬಾಗಿದ ಬತ್ತದ ಗದ್ದೆಯಂತೆ ಸಾಲಿಗೊಂದು ಲಯ ಬರುತ್ತದೆ. ಕನ್ನಡದ ಅಕ್ಷರದಲ್ಲಿ ಕಂಬವೇ ಇಲ್ಲವೆನ್ನಬೇಕು. ಅದು ವೃತ್ತಗಳ, ಅರ್ಧವೃತ್ತಗಳ ಸಂಸಾರ. ವೃತ್ತವನ್ನು ವಾಲಿಸಿದರೆ ಲಯ ಬರುವುದಿಲ್ಲ, ಅದು ಸೊಟ್ಟಗಾಗುತ್ತದೆ. ‘ಠ’ವನ್ನೋ ಸೊನ್ನೆಯನ್ನೋ ಬಾಗಿಸಿ ನೋಡಿದರೆ ಇದು ತಿಳಿಯುತ್ತದೆ. ಹಿಂಡುವುದರಿಂದ ಕೇಡು ಇನ್ನೂ ಹೆಚ್ಚು. ಮ, ಯ, ಣ, ಝ ಇವು ಅಗಲವಾಗಿ ಕುಳಿತರೇ ಚೆನ್ನ. ಇಂಗ್ಲಿಷಿನ ಸಾಲಿಗೆ ಸರಿಹೊಂದಲಿ ಎಂದು ಅವನ್ನು ಇರುಕಿಸಿದರೆ ನಿಲುಗೆರೆ ಸಣ್ಣಗಾಗಿ ಅಡ್ಡಗೆರೆ ದಪ್ಪನಾಗಿಯೇ ಉಳಿದು, ದಪ್ಪ-ತೆಳುವಿನ ಲೆಕ್ಕವೇ ತಪ್ಪುತ್ತದೆ.

ಎರಡನೆಯದು ಅರ್ಥಕ್ಕೇ ತಗಲುವ ದೋಷ. ಕನ್ನಡದ ಹಲವು ಅಕ್ಷರಗಳು ತಮ್ಮ ನೆರೆಯವುಗಳಿಂದ ಬೇರೆಯಾಗುವುದು ಬಹಳ ಚಿಕ್ಕ ಗುರುತಿನಿಂದ. ದ ಮತ್ತು ಧ, ಪ ಮತ್ತು ಫ, ಪ ಮತ್ತು ಷ, ವ ಮತ್ತು ಮ ಇವುಗಳ ನಡುವೆ ಇರುವುದು ಒಂದು ಸಣ್ಣ ಸೀಳು, ಒಂದು ಕಡ್ಡಿ, ಒಂದು ಕೊಂಡಿ. ಅಲಂಕಾರದ ಸುರುಳಿ ದೊಡ್ಡದಾದಷ್ಟೂ ಈ ಚಿಕ್ಕ ಗುರುತು ಅಡಗುತ್ತದೆ. ‘ವಧೂವರರು’ ಎಂಬಲ್ಲಿ ಧಕಾರದ ಕೆಳಗಿನ ಕಡ್ಡಿ ಸುರುಳಿಯ ಎಳೆಗಳಲ್ಲಿ ಕರಗಿಹೋಗಿ ‘ವದೂವರರು’ ಎಂದಾಗಿರುವುದನ್ನು ಎಷ್ಟೋ ಪತ್ರಿಕೆಗಳಲ್ಲಿ ನೋಡಬಹುದು. ಒಕ್ಕಣೆಯಲ್ಲಿ ಕಾಗುಣಿತದ ತಪ್ಪಿಲ್ಲ, ಅಚ್ಚಿನಲ್ಲಿಯೂ ತಪ್ಪಿಲ್ಲ. ಅಕ್ಷರಶಿಲ್ಪಿಯೇ ಮಹಾಪ್ರಾಣವನ್ನು ಕಳೆದಿದ್ದಾನೆ. ಮದುವೆಯ ಪತ್ರಿಕೆಯಲ್ಲಿ ವಧುವೇ ಅಲ್ಪಪ್ರಾಣಳಾಗುವುದಕ್ಕಿಂತ ಹೆಚ್ಚಿನ ಅನೌಚಿತ್ಯವುಂಟೇ?

ಮೂರನೆಯದು ಒತ್ತಕ್ಷರಗಳ ಸಂಕಟ. ಇಂಗ್ಲಿಷಿನ ಸಾಲು ಒಂದಂತಸ್ತಿನ ಮನೆ. ಕನ್ನಡದ ಸಾಲಿಗೆ ಯಾವಾಗಲೂ ಕೆಳ ಅಂತಸ್ತು ಬೇಕು. ‘ಮಹೋತ್ಸವ’, ‘ಪುತ್ರಿ’, ‘ಶ್ರೀಮತಿ’ ಇವುಗಳ ಒತ್ತುಗಳು ಇಳಿದು ನಿಲ್ಲುವುದಕ್ಕೆ ಸ್ಥಳ ಕೊಡಬೇಕು. ‘ಸುಮುಹೂರ್ತ’, ‘ಆಶೀರ್ವಾದ’ಗಳ ಅರ್ಕಾವೊತ್ತು ಅಕ್ಷರದ ಬಲಕ್ಕೆ ಬಂದು ಕೂರುತ್ತದೆ. ಸಾಲನ್ನು ಬಾಗಿಸಿ ಇರುಕಿಸಿದಾಗ ಈ ಅರ್ಕಾವೊತ್ತು ಮುಂದಿನ ಅಕ್ಷರದ ತಲೆಯನ್ನು ಮುಟ್ಟುತ್ತದೆ. ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಗಲುತ್ತದೆ. ಪತ್ರಿಕೆಯಲ್ಲಿ ಹೆಚ್ಚು ಗೌರವ ಹೊತ್ತ ಮಾತುಗಳೇ ಹೆಚ್ಚು ಒತ್ತುಗಳನ್ನೂ ಹೊತ್ತಿರುವುದರಿಂದ, ಎಲ್ಲಿ ಅಂದ ಹೆಚ್ಚಾಗಿ ಬೇಕೋ ಅಲ್ಲಿಯೇ ಗೊಂದಲ ಹೆಚ್ಚುತ್ತದೆ.

ಕೊಡಗಿಗೇ ವಿಶೇಷವಾದ ಇನ್ನೊಂದು ತೊಡಕುಂಟು. ಕೊಡವರ ಮನೆತನದ ಹೆಸರುಗಳಲ್ಲಿ ಬಹಳ ಹೆಸರುಗಳು ‘ಂಡ’ ಎಂದು ಮುಗಿಯುತ್ತವೆ. ‘ಪಟ್ಟೋಲೆ ಪಳಮೆ’ಯನ್ನು 1924ರಲ್ಲಿ ಪ್ರಕಟಿಸಿದ ಚಿಣ್ಣಪ್ಪನವರು ನಡಿಕೇರಿಯಂಡ, ಕೊಡವ ನಾಟಕಗಳ ಹರದಾಸ ಅಪ್ಪಚ್ಚ ಕವಿ ಅಪ್ಪನೆರವಂಡ. ವರನ ಒಕ್ಕ, ವಧುವಿನ ಒಕ್ಕ, ತಾಯಿಯ ತವರು ಎಂದು ಒಂದು ಪತ್ರಿಕೆಯಲ್ಲಿ ನಾಲ್ಕಾರು ಸಲ ಸೊನ್ನೆಯೂ ಡಕಾರವೂ ಜೊತೆಯಾಗಿ ಬರುತ್ತವೆ. ಇಂಗ್ಲಿಷಿನಲ್ಲಿ ಬರೆದಾಗ ಈ ಹೆಸರುಗಳ ಮೊದಲಕ್ಷರಕ್ಕೆ ಮೆರವಣಿಗೆ ಸಿಗುತ್ತದೆ, ಕೊನೆಯಕ್ಷರಗಳು ತಗ್ಗಿ ನಡೆಯುತ್ತವೆ. ಕನ್ನಡದಲ್ಲಿ ಹೆಸರಿನ ಗುರುತು ಇರುವುದು ಕೊನೆಯಲ್ಲಿ. ಆ ‘ಂಡ’ದ ಎರಡು ದುಂಡುಗಳು, ಒಂದು ಚಿಕ್ಕದು ಒಂದು ದೊಡ್ಡದು, ಅಂದವಾಗಿ ಕುಳಿತರೆ ಇಡೀ ಪತ್ರಿಕೆಗೆ ಒಂದು ಪಲ್ಲವಿ ಸಿಕ್ಕಿದಂತೆ. ಇಂಗ್ಲಿಷಿನ ಕಣ್ಣಿನಿಂದ ಅಕ್ಷರವನ್ನು ರಚಿಸಿದವನಿಗೆ ಈ ಪಲ್ಲವಿ ಕೇಳಿಸುವುದೇ ಇಲ್ಲ.

ಇಷ್ಟನ್ನು ಕೇಳಿದ ಕೆಲವರು, ‘ಅಯ್ಯಾ, ಪತ್ರಿಕೆ ಒಂದು ದಿನದ ವಸ್ತು, ಮದುವೆ ಮುಗಿದರೆ ಮೂಲೆಗೆ. ಅಷ್ಟಕ್ಕೆ ಇಷ್ಟು ಲಕ್ಷಣಶಾಸ್ತ್ರವೇ?’ ಎಂದಾರು. ಇನ್ನು ಕೆಲವರು, ‘ಬೇರೆಯವರಿಂದ ಕಲಿಯುವುದರಲ್ಲಿ ತಪ್ಪೇನು? ಸಾನೆಟ್ಟನ್ನು ತಂದು ಕನ್ನಡಕ್ಕೆ ಒಗ್ಗಿಸಲಿಲ್ಲವೇ?’ ಎಂದು ಕೇಳಿಯಾರು. ಎರಡನೆಯ ಪ್ರಶ್ನೆ ತೂಕದ್ದು. ಆದರೆ ಸಾನೆಟ್ಟನ್ನು ತಂದ ಕವಿಗಳು ಇಂಗ್ಲಿಷಿನ ಲಯವನ್ನು ಇದ್ದಂತೆಯೇ ತರಲಿಲ್ಲ; ನಮ್ಮ ಮಾತ್ರಾಗಣಗಳಲ್ಲಿ ಹದಿನಾಲ್ಕು ಸಾಲುಗಳನ್ನು ಕಟ್ಟಿದರು. ತಂದದ್ದು ಬಂಧದ ಭಾವನೆಯನ್ನು, ಮೈಯನ್ನು ಕೊಟ್ಟದ್ದು ಕನ್ನಡ. ಅಕ್ಷರದಲ್ಲಿ ನಡೆದಿರುವುದು ಇದಕ್ಕೆ ತಿರುಗುಮುರುಗು: ಮೈಯನ್ನು ತಂದಿದ್ದೇವೆ, ಭಾವನೆಯನ್ನು ಬಿಟ್ಟಿದ್ದೇವೆ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಎಣಿಸಿದನು. ಒಡವೆ ಎಷ್ಟೇ ಬೆಲೆಬಾಳಲಿ, ತೊಡುವ ಅಂಗಕ್ಕೆ ತಕ್ಕುದಲ್ಲದಿದ್ದರೆ ನಗೆಗೀಡು ಎಂಬುದು ಆ ವಿಚಾರದ ಸಾರ. ಇಂಗ್ಲಿಷಿನ ಬಾಗು ಆ ಲಿಪಿಯ ಅಂಗಕ್ಕೆ ಬೆಳೆದ ಒಡವೆ. ಅದನ್ನು ಕನ್ನಡಕ್ಕೆ ತೊಡಿಸುವವನು ಮೊದಲು ಅಂಗವನ್ನು ನೋಡಬೇಕಾಗಿತ್ತು.

ಹಾಗಾದರೆ ಕನ್ನಡಕ್ಕೆ ಓಟದ ಬರಹ ಇರಲಿಲ್ಲವೇ? ಇದ್ದಿತು. ಶಾನುಭೋಗರ ಕೈಯ ಮೋಡಿ ಬರಹ ಅದು. ಕಡತಗಳಲ್ಲಿ, ಲೆಕ್ಕದ ಪತ್ರಗಳಲ್ಲಿ ಕೈ ಎತ್ತದೆ ಬರೆದ ಆ ಅಕ್ಷರಗಳನ್ನು ಇಂದು ಓದಬಲ್ಲವರೇ ವಿರಳ. ಇಲ್ಲಿ ಒಂದು ಕುತೂಹಲದ ಭೇದವನ್ನು ಗಮನಿಸಬೇಕು. ಇಂಗ್ಲೆಂಡಿನಲ್ಲಿ ಗುಮಾಸ್ತನ ಓಟದ ಬರಹವೇ ಮೆಲ್ಲಮೆಲ್ಲನೆ ಹಬ್ಬದ ಬರಹವಾಯಿತು. ನಮ್ಮಲ್ಲಿ ಗುಮಾಸ್ತನ ಬರಹ ಲೆಕ್ಕದಲ್ಲಿಯೇ ಉಳಿಯಿತು. ಗೌರವ ತೋರಬೇಕಾದಾಗ ಕನ್ನಡಿಗ ಓಡಲಿಲ್ಲ, ನಿಂತನು. ಅಕ್ಷರಗಳನ್ನು ಬಿಡಿಬಿಡಿಯಾಗಿ, ನೆಟ್ಟಗೆ, ದುಂಡಗೆ ಬರೆದನು. ‘ಮುತ್ತಿನಂಥ ಅಕ್ಷರ’ ಎಂದು ನಾವು ಇಂದಿಗೂ ಹೊಗಳುವುದು ಈ ಬಿಡಿ ದುಂಡನ್ನೇ. ಬಳ್ಳಿಯಂಥ ಅಕ್ಷರ ಎಂದು ನಮ್ಮ ಹಿರಿಯರು ಯಾರ ಕೈಯನ್ನೂ ಹೊಗಳಿದ್ದು ಕೇಳಿಲ್ಲ. ಮುತ್ತಿಗೆ ಸಾಲು ಬೇಕು, ಬಾಗು ಬೇಡ.

ಈ ನಿಂತ ಅಕ್ಷರದ ಪರಂಪರೆ ಕೊಡಗಿನ ನೆಲದಲ್ಲಿಯೇ ಸಾವಿರ ವರ್ಷಕ್ಕೆ ಮೇಲ್ಪಟ್ಟದ್ದು. ಬಿ. ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳ ಸಂಪುಟವನ್ನು ಪ್ರಕಟಿಸಿದರು; ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲನೆಯ ಸಂಪುಟವೇ ಅದು. ಅದರಲ್ಲಿ ಬರುವ ಪೆಗ್ಗೂರಿನ ಶಾಸನ ಶಕ ವರ್ಷ 899ರದು, ಗಂಗರ ರಕ್ಕಸನ ಕಾಲದ ದಾನವನ್ನು ಹಳಗನ್ನಡದಲ್ಲಿ ಹೇಳುವಂಥದು. ದಾನ ಕೊಟ್ಟವನಿಗೂ ಪಡೆದವನಿಗೂ ಶಾಶ್ವತವಾದ ಗೌರವವನ್ನು ಕಲ್ಲಿನ ಮೇಲೆ ನಿಲ್ಲಿಸುವ ಅಂಥ ಬರಹಗಳು ಅಂದಿನ ಬಿನ್ನವತ್ತಳೆ ಎನ್ನಬಹುದು. ಓಲೆಯ ನಾರು ಸೀಳದಿರಲೆಂದೇ ಕನ್ನಡ ದುಂಡಾಯಿತು ಎಂಬ ಮಾತು ಪ್ರಸಿದ್ಧವಾಗಿದೆ. ಓಲೆಯ ಪಾಲು ಇದರಲ್ಲಿ ಇದ್ದೀತು. ಆದರೆ ಸೀಳುವ ಭಯವೇ ಇಲ್ಲದ ಕಲ್ಲಿನ ಮೇಲೆಯೂ ನಮ್ಮ ರೂವಾರಿಗಳು ದುಂಡನ್ನೇ ಆರಿಸಿ ಕಡೆದರೆಂಬುದನ್ನು ಮರೆಯಬಾರದು. ದುಂಡು ಅನಿವಾರ್ಯದಿಂದ ಹುಟ್ಟಿದ್ದರೂ ಅಭಿರುಚಿಯಾಗಿ ಬೆಳೆಯಿತು.

ತಾಮ್ರಪಟದ ಮಾತು ಬಂದುದರಿಂದ ನಮ್ಮ ತಾಮ್ರಪಟವನ್ನೂ ನೆನೆಯಬೇಕು. ಮಡಿಕೇರಿಯ ಖಜಾನೆಯಲ್ಲಿ ದೊರೆತ ಗಂಗರ ತಾಮ್ರಶಾಸನ ವಿದ್ವಾಂಸರಲ್ಲಿ ದೊಡ್ಡ ಚರ್ಚೆಯನ್ನೆಬ್ಬಿಸಿತು. ಅದರಲ್ಲಿ ಹೇಳಿರುವ ವರ್ಷ 388. ಶಕವೆಂದು ಎಣಿಸಿದರೆ ಕ್ರಿ.ಶ. 466. ಆದರೆ ಫ್ಲೀಟ್ ಮೊದಲಾದವರು ಅದರ ತೇದಿಯನ್ನು ನಂಬದೆ, ಅದು ಮುಂದಿನ ಕಾಲದಲ್ಲಿ ಹುಟ್ಟಿದ ಕೂಟಶಾಸನವೆಂದರು. ಇಂಥ ವಿವಾದಗಳಲ್ಲಿ ಲಿಪಿಶಾಸ್ತ್ರಜ್ಞ ಮೊದಲು ಕರೆಯುವ ಸಾಕ್ಷಿ ಅಕ್ಷರದ ಆಕಾರ. ಒಕ್ಕಣೆ ಏನನ್ನಾದರೂ ಹೇಳಿಕೊಳ್ಳಲಿ, ತಾನು ಯಾವ ಕಾಲದ, ಯಾವ ಕೈಯ ಕೂಸು ಎಂಬುದನ್ನು ಅಕ್ಷರ ಮುಚ್ಚಿಡಲಾರದು. ನಮ್ಮ ಲಗ್ನಪತ್ರಿಕೆಗಳನ್ನು ನೂರು ವರ್ಷದ ಮೇಲೆ ಯಾರಾದರೂ ಪರಿಶೀಲಿಸಿದರೆ, ಒಕ್ಕಣೆ ಕನ್ನಡ, ಕೈ ಮಾತ್ರ ಬೇರೆ ಯಾರದೋ ಎಂದೇ ತೀರ್ಮಾನಿಸಿಯಾರು.

ಕನ್ನಡ, ಇಂಗ್ಲಿಷು ಎರಡೂ ಎದುರುಬದುರಾಗಿ ನಿಲ್ಲುವ ಪ್ರಸಂಗವೂ ಕೊಡಗಿಗೆ ಹೊಸದಲ್ಲ. ಹಾಲೇರಿ ಅರಸರ ಆಡಳಿತ ಕನ್ನಡದಲ್ಲಿ ನಡೆಯಿತು. ಅವರ ಚರಿತ್ರೆಯಾದ ‘ರಾಜೇಂದ್ರನಾಮೆ’ಯೂ ಕನ್ನಡದಲ್ಲಿಯೇ ರಚಿತವಾಯಿತು. ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಮಡಿಕೇರಿಯ ಓಂಕಾರೇಶ್ವರ ದೇವಾಲಯದ ಬಾಗಿಲ ಬಳಿ ಅದರ ವೃತ್ತಾಂತವನ್ನು ತಾಮ್ರದ ತಗಡಿನ ಮೇಲೆ ಬರೆಸಿಟ್ಟಿದೆ. 1834ರಲ್ಲಿ ರಾಜ್ಯ ಕಂಪನಿಯ ಕೈಸೇರಿದ ಮೇಲೆ, 1837ರ ದಂಗೆಯ ಸಂಬಂಧವಾಗಿ ಕಂಪನಿಯವರು ಕೊಡಗಿನ ಯೋಧರಿಗೆ ಒಂದು ಪದಕವನ್ನು ಕೊಟ್ಟರು. ಆ ಪದಕದ ಒಂದು ಮುಖದಲ್ಲಿ ಇಂಗ್ಲಿಷ್, ಇನ್ನೊಂದು ಮುಖದಲ್ಲಿ ಕನ್ನಡ. ಅದರ ರಾಜಕೀಯವನ್ನು ಇತಿಹಾಸಕಾರರಿಗೆ ಬಿಡೋಣ. ಅಕ್ಷರದ ದೃಷ್ಟಿಯಿಂದ ಒಂದು ಮಾತನ್ನು ಹೇಳಬೇಕು: ಆಳುವವರ ಭಾಷೆಯ ಎದುರು ಮುಖದಲ್ಲಿ ನಿಂತಾಗಲೂ ಕನ್ನಡ ಇಂಗ್ಲಿಷಿನ ವೇಷವನ್ನು ಹಾಕಬೇಕಾಗಿರಲಿಲ್ಲ. ಅಂದು ಲೋಹದಲ್ಲಿ ಸಾಧ್ಯವಾದ ಆ ಸಮಾನತೆ ಇಂದು ಕಾಗದದಲ್ಲಿ ನಮಗೆ ಕಷ್ಟವಾಗಿದೆ.

ಅಚ್ಚಿನ ಚರಿತ್ರೆಯನ್ನು ನೋಡಿದರೂ ಇದೇ ಪಾಠ. ಕನ್ನಡದ ಮೊಳೆಗಳು ಬಂದದ್ದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಮಪುರದಲ್ಲಿ 1817ರಲ್ಲಿ ಅಚ್ಚಾಯಿತು. ಆದರೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ತೊಡಗಿದ್ದು ಕಲ್ಲಚ್ಚಿನಿಂದ. 1843ರ ‘ಮಂಗಳೂರ ಸಮಾಚಾರ’ವೂ, ಹರ್ಮನ್ ಮೋಗ್ಲಿಂಗ್ 1848ರಿಂದ ಹೊರತಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ದ ಕಾವ್ಯಗಳೂ ಕಲ್ಲಚ್ಚಿನವೇ. ಕಲ್ಲಚ್ಚೆಂದರೆ ಬರೆಗಾರನ ಕೈಬರಹವೇ ಕಲ್ಲಿನ ಮೂಲಕ ಕಾಗದಕ್ಕೆ ಇಳಿಯುವುದು. ಮುಂದೆ ಕೊಡಗಿಗೂ ಬಂದು 1855ರಲ್ಲಿ ಇಲ್ಲಿಯ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಬರೆದ ಈ ಮೋಗ್ಲಿಂಗ್ ಸಾಹೇಬರ ದೆಸೆಯಿಂದ ಕನ್ನಡದ ಮೊದಲ ಪತ್ರಿಕೆಯೂ ಹಲವು ಹಳೆಯ ಕಾವ್ಯಗಳೂ ಕನ್ನಡಿಗನ ಕೈಬರಹದಲ್ಲಿಯೇ ಅಚ್ಚಾದವು. ಹಬ್ಬದ ಅಕ್ಷರಕ್ಕೆ ಮಾದರಿಯನ್ನು ಹುಡುಕುವವರು ಲಂಡನ್ನಿಗೆ ಹೋಗುವ ಮುನ್ನ ಮಂಗಳೂರಿನ ಆ ಹಾಳೆಗಳನ್ನು ತೆರೆದು ನೋಡಬಾರದೇ?

ಇಂಗ್ಲಿಷಿನ ಬರಹಕ್ಕೆ ದೊಡ್ಡಕ್ಷರವೆಂಬ ಕಿರೀಟವಿದೆ, ನಮಗೆ ಅದಿಲ್ಲ ಎಂದು ಕೊರಗುವವರೂ ಉಂಟು. ನಮಗೆ ‘ಶ್ರೀ’ ಇದೆ. ಪತ್ರಿಕೆಯ ನೆತ್ತಿಯ ಮೇಲೆ ಒಂಟಿಯಾಗಿ ನಿಂತು ಇಡೀ ಬರಹವನ್ನು ಆಳುವ ಆ ಒಂದು ಅಕ್ಷರದಲ್ಲಿ ಶಕಾರದ ದುಂಡು, ಗುಡಿಸಿನ ಮುಡಿ, ದೀರ್ಘದ ಕೊಂಡಿ, ಕೆಳಗೆ ತೊಟ್ಟಿಲಂತೆ ತೂಗುವ ರಕಾರದ ಒತ್ತು ಎಲ್ಲವೂ ಕೂಡಿವೆ. ಕನ್ನಡದಲ್ಲಿ ಅಲಂಕಾರಕ್ಕೆ ಎಲ್ಲೆಲ್ಲಿ ಎಡೆಯಿದೆ ಎಂಬುದಕ್ಕೆ ಅದೇ ನಕ್ಷೆ. ಮೇಲೆ ತಲೆಕಟ್ಟು ಮತ್ತು ಗುಡಿಸು, ಪಕ್ಕದಲ್ಲಿ ಕೊಂಬು ಮತ್ತು ದೀರ್ಘ, ಕೆಳಗೆ ಒತ್ತು. ನಡುವಿನ ದುಂಡು ಮಾತ್ರ ಅಲುಗದೆ ಇರಬೇಕು. ದುಂಡು ಸ್ಥಾ‌ಯಿ, ಮಿಕ್ಕವು ಸಂಚಾರಿ. ಸ್ಥಾಯಿಯನ್ನು ಕೆಡಿಸಿ ಸಂಚಾರಿಗಳನ್ನು ಕುಣಿಸಿದರೆ ರಸ ಹುಟ್ಟದು.

ಇಂದಿನ ಸ್ಥಿತಿಯನ್ನು ಕುರಿತು ಎರಡು ಮಾತು. ಗಣಕಯಂತ್ರದಲ್ಲಿ ಕನ್ನಡ ಕಾಣಲಾರಂಭಿಸಿದ ಮೊದಲ ದಿನಗಳಲ್ಲಿ ಅಕ್ಷರ ಮೂಡಿದ್ದೇ ದೊಡ್ಡ ಸಂತೋಷವಾಗಿತ್ತು. 1998ರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ನಾಡಿಗೆ ಮಾಡಿದ ಉಪಕಾರ ಚಿಕ್ಕದಲ್ಲ. ಆದರೆ ಅವುಗಳ ಗುರಿ ದಿನದ ಕೆಲಸ, ಹಬ್ಬವಲ್ಲ. ಈಚಿನ ವರ್ಷಗಳಲ್ಲಿ ಹೊಸ ಅಕ್ಷರಗಳು ಬಂದಿವೆ. ‘ಬಾಲೂ ತಮ್ಮ’ ದಪ್ಪನಾಗಿ ನಗುನಗುತ್ತ ಬರುತ್ತದೆ, ಮಕ್ಕಳ ಪುಸ್ತಕಕ್ಕೂ ಅಂಗಡಿಯ ಫಲಕಕ್ಕೂ ಚೆನ್ನ. ಲಗ್ನಪತ್ರಿಕೆಯಲ್ಲಿ ಅದು ಪಂಕ್ತಿಯಲ್ಲಿ ಗಟ್ಟಿಯಾಗಿ ಮಾತನಾಡುವ ನೆಂಟನಂತೆ. ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯ ಕನಡಕ’ ಪ್ರಯೋಗಶೀಲವಾದುದು. ಕನ್ನಡದ ಅಕ್ಷರಕ್ಕೂ ಸ್ವಂತದ ಚೇಷ್ಟೆ ಸಾಧ್ಯವೆಂದು ತೋರಿಸಿದೆ. ಎಲ್ಲಕ್ಕಿಂತ ಭರವಸೆ ಹುಟ್ಟಿಸುವುದು ‘ಟೀರೋ ಕನ್ನಡ’. ಹಾರ್ವರ್ಡಿನ ಮೂರ್ತಿ ಗ್ರಂಥಮಾಲೆಗಾಗಿ ಸಿದ್ಧವಾದ ಅಕ್ಷರಗಳ ಸಂತತಿ ಅದು. ರಾಘವಾಂಕನ ಹರಿಶ್ಚಂದ್ರಕಾವ್ಯ ಇಂಗ್ಲಿಷ್ ಅನುವಾದದೊಡನೆ 2017ರಲ್ಲಿ ಆ ಮಾಲೆಯಲ್ಲಿ ಬಂದಿದೆ. ಅಲ್ಲಿ ದಪ್ಪ-ತೆಳುಗಳು ಕೈಯ ಓಟವನ್ನು ನೆನಪಿಗೆ ತರುತ್ತವೆ, ಆದರೂ ಅಕ್ಷರ ನಿಂತಿದೆ, ವಾಲಿಲ್ಲ. ಅದು ಓದುವ ಪುಟಕ್ಕಾಗಿ ಮಾಡಿದ ಅಕ್ಷರವೇ ಹೊರತು ಹಬ್ಬದ ಅಕ್ಷರವಲ್ಲ. ಆದರೆ ಹಬ್ಬದ ಅಕ್ಷರ ಹುಟ್ಟುವುದಾದರೆ ಆ ದಾರಿಯಲ್ಲಿ ಹುಟ್ಟೀತು.

ಅದು ಹುಟ್ಟುವವರೆಗೆ ಪತ್ರಿಕೆ ಅಚ್ಚು ಹಾಕಿಸುವ ಗೃಹಸ್ಥರು ಮಾಡಬಹುದಾದದ್ದು ಕಷ್ಟದ್ದಲ್ಲ. ನೆಟ್ಟಗೆ ನಿಂತ ಒಳ್ಳೆಯ ಅಕ್ಷರವನ್ನು ಆರಿಸಿ, ಹಿಂಡದೆ, ಬಾಗಿಸದೆ, ದೊಡ್ಡದಾಗಿ ಹಾಕಿಸಲಿ. ಸಾಲಿನಿಂದ ಸಾಲಿಗೆ ಒತ್ತುಗಳು ಉಸಿರಾಡುವಷ್ಟು ಎಡೆ ಬಿಡಿಸಲಿ. ಶ್ರೀಕಾರವನ್ನೂ ವಧೂವರರ ಹೆಸರುಗಳನ್ನೂ ಒಳ್ಳೆಯ ಕೈಯಿರುವವರಿಂದ ಬರೆಯಿಸಿ ಹಾಗೆಯೇ ಅಚ್ಚಿಗಿಳಿಸಲಿ. ಇಂದಿನ ಯಂತ್ರಕ್ಕೆ ಕೈಬರಹವೂ ಒಂದೇ, ಮೊಳೆಯೂ ಒಂದೇ. ಸೊಗಸಾಗಿ ಬರೆಯಬಲ್ಲ ಕೈಗಳು ಊರೂರಿನಲ್ಲಿಯೂ ಇನ್ನೂ ಉಳಿದಿವೆ. ಅವುಗಳಿಗೆ ಕೆಲಸ ಕೊಡುವವರಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಅಂದದ ವಿಚಾರವಷ್ಟೇ ಅಲ್ಲ. ಎರಡು ಮಗ್ಗುಲಿನ ಪತ್ರಿಕೆಯಲ್ಲಿ ಯಾವ ಮಗ್ಗುಲು ಮಂಕಾಗಿ ಕಾಣುತ್ತದೆಯೋ ಅದು ಮೊದಲು ಬಿದ್ದುಹೋಗುತ್ತದೆ. ‘ಕನ್ನಡದಲ್ಲಿ ಅಷ್ಟು ಚೆನ್ನಾಗಿ ಬರುವುದಿಲ್ಲ’ ಎಂಬ ಮಾತು ಪತ್ರಿಕೆಯ ಅಂಗಡಿಯಲ್ಲಿ ಅಕ್ಷರವನ್ನು ಕುರಿತು ಹುಟ್ಟಿ, ಮನೆಗೆ ಬರುವಷ್ಟರಲ್ಲಿ ಭಾಷೆಯನ್ನು ಕುರಿತ ಮಾತಾಗಿರುತ್ತದೆ. ಕನ್ನಡದ ಲಿಪಿಯನ್ನೇ ನೆಚ್ಚಿ ಅಚ್ಚಾಗುವ ಕೊಡವ ತಕ್ಕಿಗೂ ಈ ನಷ್ಟ ತಪ್ಪಿದ್ದಲ್ಲ. ಅಪ್ಪಚ್ಚ ಕವಿಯ ನಾಟಕಗಳೂ ‘ಪಟ್ಟೋಲೆ ಪಳಮೆ’ಯ ಹಾಡುಗಳೂ ಬಾಳಿ ಬಂದದ್ದು ಈ ಅಕ್ಷರಗಳಲ್ಲಿಯೇ.

ಮುಹೂರ್ತದ ದಿನ ಕೊಡವ ವರ ಬಿಳಿಯ ಕುಪ್ಯವನ್ನು ತೊಟ್ಟು, ಚೇಲೆಯನ್ನು ಬಿಗಿದು, ಪೀಚೆಕತ್ತಿಯನ್ನು ಸಿಕ್ಕಿಸಿ ನಿಲ್ಲುತ್ತಾನೆ. ವಧುವಿನ ಸೀರೆಯ ನೆರಿಗೆ ಹಿಂದಕ್ಕೆ ಬೀಳುತ್ತದೆ. ಬಟ್ಟೆ ಎಲ್ಲರದೂ ಅದೇ, ಉಡುವ ರೀತಿ ತಮ್ಮದು. ಅದರಲ್ಲಿಯೇ ಆ ದಿನದ ಗಾಂಭೀರ್ಯವೆಲ್ಲ ಅಡಗಿದೆ. ಆ ದಿನಕ್ಕೆ ನಮ್ಮನ್ನು ಕರೆಯುವ ಅಕ್ಷರವೂ ಹಾಗೆಯೇ ತನ್ನ ಉಡುಪಿನಲ್ಲಿ, ತನ್ನ ಕಾಲಿನ ಮೇಲೆ ನಿಂತು ಕರೆಯಲಿ ಎಂದು ಅಪೇಕ್ಷಿಸುವುದು ಹೆಚ್ಚಿನ ಬೇಡಿಕೆಯಲ್ಲ.